ತಿದ್ದುವ ಮೊದಲು ಟೆಸ್ಟ್ ಓಡಿಸಿ: ಓಪನ್ ಸೋರ್ಸ್ ಯೋಜನೆಗೆ ಕೋಡ್ ಕಳಿಸುವ ಬಗೆ

ನೀವು ಕಳಿಸಿದ ಪುಲ್ ರಿಕ್ವೆಸ್ಟ್ ಅನ್ನು, ಅಂದರೆ ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು, ತೆರೆದು ನೋಡುವ ನಿರ್ವಾಹಕರಿಗೆ ನಿಮ್ಮ ಪರಿಚಯವಿಲ್ಲ. ನಿಮಗೆಷ್ಟು ಅನುಭವವಿದೆ, ಈ ಹನ್ನೆರಡು ಸಾಲಿಗಾಗಿ ಎಷ್ಟು ಹೊತ್ತು ತಲೆ ಕೆಡಿಸಿಕೊಂಡಿರಿ ಎಂಬುದೊಂದೂ ಅವರಿಗೆ ಕಾಣದು. ಅವರ ಮುಂದಿರುವುದು ಎರಡೇ ಪ್ರಶ್ನೆ. ಹೇಳಿದ ತೊಂದರೆ ಇದರಿಂದ ನಿಜಕ್ಕೂ ಹೋಗುತ್ತದೆಯೇ? ಅದನ್ನು ಸರಿಪಡಿಸುವ ಭರದಲ್ಲಿ ಬೇರೇನಾದರೂ ಕೆಟ್ಟಿದೆಯೇ? ಎರಡಕ್ಕೂ ಉತ್ತರ ಕೊಡುವುದು ಟೆಸ್ಟ್, ಅಂದರೆ ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಕೋಡ್. ಹಾಗಾಗಿ ಕೋಡ್ ಬರೆಯುವುದಕ್ಕೂ ಮೊದಲು ಆ ಯೋಜನೆಯ ಟೆಸ್ಟ್‌ಗಳನ್ನು ನಮ್ಮ ಕಂಪ್ಯೂಟರ್‌ನಲ್ಲಿ ಓಡಿಸಲು ಕಲಿಯಬೇಕು. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ನಾಲ್ಕಾರು ಆಜ್ಞೆಗಳನ್ನು ಒಂದು ಸಂಜೆಯಲ್ಲಿ ಕಲಿತುಬಿಡಬಹುದು. ಹೊಸಬರು ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು, ಅರ್ಧಕ್ಕೆ ಕೈಬಿಡುವುದು ಟೆಸ್ಟ್ ಓಡಿಸುವ ಹಂತದಲ್ಲೇ.

ಮೊದಲು ಕೇಳಿ, ಆಮೇಲೆ ಬರೆಯಿರಿ

ಕೋಡ್ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಎಲ್ಲರು ಕಳಿಸಿದ್ದನ್ನೂ ಸ್ವೀಕರಿಸುತ್ತಾರೆ ಎಂದಲ್ಲ. ಪ್ರತಿ ಫೋನಿನಲ್ಲೂ ಇರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನೇ ನೋಡಿ. ಅದರ ಕೋಡ್ ಯಾರ ಸ್ವತ್ತೂ ಅಲ್ಲ, ಯಾರು ಹೇಗೆ ಬೇಕಾದರೂ ಬಳಸಬಹುದು. ಆದರೆ ಹೊರಗಿನವರ ಪ್ಯಾಚ್‌ಗಳನ್ನು, ಅಂದರೆ ತಿದ್ದುಪಡಿಗಳನ್ನು, ಸಾಮಾನ್ಯವಾಗಿ ಅದರ ತಂಡ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್ ಕರ್ನಲ್ ತಂಡ ಪ್ಯಾಚ್‌ಗಳನ್ನು ಇಮೇಲ್ ಮೂಲಕ ಪಡೆಯುತ್ತದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿರುವ ಅದರ ಪ್ರತಿಗೆ ಪುಲ್ ರಿಕ್ವೆಸ್ಟ್ ಕಳಿಸಿದರೆ ಕೇಳುವವರಿಲ್ಲ. ಇಂಥದ್ದೆಲ್ಲ ಸಾಮಾನ್ಯವಾಗಿ ರೆಪೊದಲ್ಲಿರುವ, ಅಂದರೆ ಯೋಜನೆಯ ಕೋಡ್ ಸಂಗ್ರಹದಲ್ಲಿರುವ, ಕಾಂಟ್ರಿಬ್ಯೂಟಿಂಗ್ ಎಂಬ ಹೆಸರಿನ ಕಡತದಲ್ಲಿ ಬರೆದಿರುತ್ತದೆ. ಅದನ್ನು ಓದಲು ಹತ್ತು ನಿಮಿಷ ಸಾಕು.

ಒಪ್ಪಂದದ ವಿಷಯವನ್ನೂ ಆಗಲೇ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ 2004ರಿಂದ ಪ್ರತಿ ಕಮಿಟ್‌ನ (ಗಿಟ್‌ನಲ್ಲಿ ದಾಖಲಿಸಿದ ಒಂದು ಬದಲಾವಣೆಯ) ಸಂದೇಶದ ಕೊನೆಗೆ 'ಸೈನ್ಡ್ ಆಫ್ ಬೈ' ಎಂಬ ಸಾಲು ಇರಬೇಕು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಕಮಿಟ್ ಮಾಡುವಾಗ ಹೈಫನ್ ಎಸ್ ಎಂಬ ಆಯ್ಕೆ ಸೇರಿಸಿದರೆ ಗಿಟ್ ತಾನೇ ಬರೆದುಕೊಳ್ಳುತ್ತದೆ. ಪೈಥಾನ್‌ನಂಥ ಯೋಜನೆಗಳು ಪ್ರತ್ಯೇಕ ಒಪ್ಪಂದಕ್ಕೆ ಸಹಿ ಕೇಳುತ್ತವೆ. ನೀವು ಉದ್ಯೋಗದಲ್ಲಿದ್ದರೆ, ಬಿಡುವಿನ ವೇಳೆಯಲ್ಲಿ ಬರೆದ ಕೋಡ್ ಯಾರದು ಎಂದು ನೇಮಕಾತಿ ಪತ್ರದಲ್ಲಿ ಏನಿದೆ ನೋಡಿ. ಮರ್ಜ್ ಆದ ಮೇಲೆ, ಅಂದರೆ ನಿಮ್ಮ ಕೋಡ್ ಮೂಲಕ್ಕೆ ಸೇರಿದ ಮೇಲೆ, ಈ ಪ್ರಶ್ನೆ ಎದ್ದರೆ ನಿಮಗೂ ಯೋಜನೆಗೂ ಕಷ್ಟ.

ದೊಡ್ಡ ಬದಲಾವಣೆಯಾದರೆ ಮೊದಲು ಇಶ್ಯೂ, ಅಂದರೆ ಆ ವಿಷಯದ ಚರ್ಚೆಯ ಪುಟ, ತೆರೆದು ಕೇಳಿ. ಅಕ್ಷರದೋಷ ತಿದ್ದಲು ಅನುಮತಿ ಬೇಡ. ಆದರೆ ಮುನ್ನೂರು ಸಾಲು ಬರೆದು ಕಳಿಸಿದ ಮೇಲೆ 'ಈ ಸೌಲಭ್ಯ ನಮಗೆ ಬೇಡ' ಎಂದರೆ ಆ ಶ್ರಮ ನೀರಿನಲ್ಲಿ ಹೋಮ.

ಕೋಡ್ ತರುವುದು, ಪರಿಸರ ಕಟ್ಟುವುದು

ಮೂಲ ರೆಪೊಗೆ ನೇರವಾಗಿ ಬರೆಯುವ ಹಕ್ಕು ಹೊರಗಿನವರಿಗೆ ಇರುವುದಿಲ್ಲ. ಹಾಗಾಗಿ ಅದನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿ, ಅಂದರೆ ನಕಲಿಸಿ, ಆ ಪ್ರತಿಯನ್ನು ನಿಮ್ಮ ಕಂಪ್ಯೂಟರ್‌ಗೆ ಕ್ಲೋನ್ ಮಾಡಿಕೊಳ್ಳುತ್ತೀರಿ. ಗಿಟ್ ಅದಕ್ಕೆ ಒರಿಜಿನ್ ಎಂಬ ಹೆಸರಿಡುತ್ತದೆ. ಮೂಲ ರೆಪೊವನ್ನು ಅಪ್‌ಸ್ಟ್ರೀಮ್ ಎಂಬ ಹೆಸರಿನಲ್ಲಿ ಇನ್ನೊಂದು ರಿಮೋಟ್ (ದೂರದ ಪ್ರತಿಯ ವಿಳಾಸ) ಆಗಿ ನೀವೇ ಸೇರಿಸಬೇಕು. ಮೇನ್ ಬ್ರಾಂಚಿನ, ಅಂದರೆ ಕೋಡ್‌ನ ಮುಖ್ಯ ಕವಲಿನ, ಮೇಲೆ ಕೈಯಿಡದೆ, ಪ್ರತಿ ಬದಲಾವಣೆಗೂ ಬೇರೆ ಬ್ರಾಂಚ್ ಮಾಡಿಕೊಳ್ಳಿ.

ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ. ದೊಡ್ಡ ರೆಪೊ ಎಂದು ಡೆಪ್ತ್ 1 ಕೊಟ್ಟು ಇತಿಹಾಸವಿಲ್ಲದೆ ಕ್ಲೋನ್ ಮಾಡುತ್ತೇವೆ. ಆದರೆ ಅನೇಕ ಪೈಥಾನ್ ಯೋಜನೆಗಳು ತಮ್ಮ ಆವೃತ್ತಿ ಸಂಖ್ಯೆಯನ್ನು, ಬಿಡುಗಡೆಗಳನ್ನು ಗುರುತಿಸುವ ಗಿಟ್ ಟ್ಯಾಗ್‌ಗಳಿಂದ ಲೆಕ್ಕ ಹಾಕಿಕೊಳ್ಳುತ್ತವೆ. ಟ್ಯಾಗ್ ಸಿಗದಿದ್ದರೆ ಇನ್‌ಸ್ಟಾಲ್ ಕೆಡುತ್ತದೆ, ಇಲ್ಲವೇ ಆವೃತ್ತಿ ಸೊನ್ನೆಯ ಆಸುಪಾಸಿನ ಏನೋ ಒಂದಾಗಿ, ಆವೃತ್ತಿ ನೋಡುವ ಟೆಸ್ಟ್‌ಗಳು ಬೀಳುತ್ತವೆ, ಅಂದರೆ ಫೇಲ್ ಆಗುತ್ತವೆ. ಹಳೆಯ ಫೋರ್ಕ್ ಬಳಸಿದರೂ ಇದೇ ಕಥೆ, ಏಕೆಂದರೆ ಹೊಸ ಟ್ಯಾಗ್‌ಗಳು ಅದಕ್ಕೆ ತಾವಾಗಿ ಬರುವುದಿಲ್ಲ. ಅಪ್‌ಸ್ಟ್ರೀಮ್‌ನಿಂದ ಪೂರ್ತಿ ಇತಿಹಾಸವನ್ನು ಟ್ಯಾಗ್‌ಗಳ ಸಮೇತ ಫೆಚ್ ಮಾಡಿ ತಂದರೆ ಸರಿಹೋಗುತ್ತದೆ.

ಪೈಥಾನ್ ಯೋಜನೆಯಾದರೆ ಪ್ರತ್ಯೇಕ ವರ್ಚುಯಲ್ ಎನ್‌ವಿರಾನ್‌ಮೆಂಟ್ ಮಾಡಿ, ಅದರೊಳಗೆ ಯೋಜನೆಯನ್ನು ಎಡಿಟಬಲ್ ರೀತಿಯಲ್ಲಿ, ಅಂದರೆ ಪಿಪ್ ಇನ್‌ಸ್ಟಾಲ್‌ಗೆ ಹೈಫನ್ ಇ ಸೇರಿಸಿ, ಹಾಕಿಕೊಳ್ಳಿ. ಈ ಒಂದು ಅಕ್ಷರ ಬಿಟ್ಟರೆ ಆಗುವುದು ಹೀಗೆ: ಕೋಡ್‌ನ ಒಂದು ನಕಲು ಬೇರೆಡೆ ಹೋಗಿ ಕೂರುತ್ತದೆ, ನೀವು ತಿದ್ದುವುದು ಇಲ್ಲಿ, ಟೆಸ್ಟ್ ನೋಡುವುದು ಅಲ್ಲಿ. ಎಷ್ಟು ತಿದ್ದಿದರೂ ಫಲಿತಾಂಶ ಬದಲಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ ಫೈಲ್ ಎಂಬ ಗುಣವನ್ನು (ಹೆಸರಿನ ಎರಡೂ ಬದಿ ಎರಡೆರಡು ಅಡಿಗೆರೆ ಇರುತ್ತದೆ) ಪ್ರಿಂಟ್ ಮಾಡಿದರೆ ಯಾವ ಪ್ರತಿ ಓಡುತ್ತಿದೆ ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ.

ಸಿ ಭಾಷೆಯ ಯೋಜನೆಗಳಲ್ಲಿ ಮೊದಲು ಬಿಲ್ಡ್ ಆಗಬೇಕು, ಅಂದರೆ ಕೋಡ್ ಓಡುವ ಪ್ರೋಗ್ರಾಮ್ ಆಗಿ ಬದಲಾಗಬೇಕು. ಪೈಥಾನ್ ಭಾಷೆಯನ್ನೇ ತಿದ್ದಲು ಹೊರಟರೆ, ಕಾನ್ಫಿಗರ್ ಮಾಡುವಾಗ ಪೈಡೀಬಗ್ ಆಯ್ಕೆ ಕೊಡಬೇಕು. ಆಗ ಕೋಡ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಅಸರ್ಷನ್ ಎಂಬ ಒಳಗಿನ ಸಾಲುಗಳೆಲ್ಲ ಎಚ್ಚರವಾಗಿರುತ್ತವೆ. ಬಿಲ್ಡ್ ಮಾಡುವ ಮೇಕ್ ಆಜ್ಞೆ ಮುಗಿದಾಗ, ಹೆಡರ್ ಕಡತಗಳು ಸಿಗದೆ ಯಾವ ಐಚ್ಛಿಕ ಮಾಡ್ಯೂಲ್‌ಗಳು ಬಿಲ್ಡ್ ಆಗಲಿಲ್ಲ ಎಂಬ ಪಟ್ಟಿ ಕೊನೆಯಲ್ಲಿ ಬರುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ಆ ಮಾಡ್ಯೂಲ್‌ಗಳ ಟೆಸ್ಟ್‌ಗಳು ಬೀಳುವುದಿಲ್ಲ, ಸದ್ದಿಲ್ಲದೆ ಸ್ಕಿಪ್ ಆಗುತ್ತವೆ. ಅಂದಹಾಗೆ, ಮ್ಯಾಕ್‌ನಲ್ಲಿ ಹೀಗೆ ಬಿಲ್ಡ್ ಮಾಡಿದರೆ ವಿಂಡೋಸ್‌ನಂತೆ ಎಕ್ಸೆ ಎಂಬ ಬಾಲವಿರುವ ಪೈಥಾನ್ ಸಿಗುತ್ತದೆ. ಗಾಬರಿ ಬೇಡ. ಮ್ಯಾಕ್‌ನ ಕಡತ ವ್ಯವಸ್ಥೆ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳ ನಡುವೆ ಭೇದ ಮಾಡುವುದಿಲ್ಲ, ಮತ್ತು ರೆಪೊದಲ್ಲಿ ದೊಡ್ಡಕ್ಷರದಿಂದ ಶುರುವಾಗುವ ಪೈಥಾನ್ ಎಂಬ ಫೋಲ್ಡರ್ ಆಗಲೇ ಇದೆ. ಆ ಬಾಲ ಸೇರಿಸಿರುವುದು ಹೆಸರುಗಳ ಜಗಳ ತಪ್ಪಿಸಲು.

ಒಂದಕ್ಷರವನ್ನೂ ಮುಟ್ಟದೆ ಒಮ್ಮೆ ಓಡಿಸಿ

ಪರಿಸರ ಸಿದ್ಧವಾದ ಮೇಲೆ, ಏನನ್ನೂ ಬದಲಾಯಿಸದೆ ಎಲ್ಲ ಟೆಸ್ಟ್‌ಗಳನ್ನು ಒಮ್ಮೆ ಓಡಿಸಿ, ಫಲಿತಾಂಶವನ್ನು ಒಂದು ಕಡತದಲ್ಲಿ ಉಳಿಸಿ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನಾಲ್ಕು ಸಾವಿರ ಟೆಸ್ಟ್‌ಗಳಲ್ಲಿ ಮೂರು ನಿಮ್ಮ ಕಂಪ್ಯೂಟರ್‌ನಲ್ಲಿ ಮೊದಲಿನಿಂದಲೇ ಬೀಳುತ್ತಿದ್ದರೆ, ತಿದ್ದಿದ ಮೇಲೆ ಅದೇ ಮೂರು ಬಿದ್ದಾಗ ನಿಶ್ಚಿಂತೆಯಿಂದಿರಬಹುದು. ಮೊದಲೇ ಓಡಿಸದಿದ್ದರೆ ನೀವು ಮಾಡದ ತಪ್ಪನ್ನು ಹುಡುಕುತ್ತಾ ಎರಡು ದಿನ ಕಳೆಯುತ್ತೀರಿ.

ಓಡಿಸುವ ಆಜ್ಞೆ ಯೋಜನೆಯಿಂದ ಯೋಜನೆಗೆ ಬೇರೆ. ಪೈಥಾನ್‌ಗೆ ಅದರದೇ ಟೆಸ್ಟ್ ಮಾಡ್ಯೂಲ್ ಇದೆ. ಹೈಫನ್ ಜೆ 0 ಕೊಟ್ಟರೆ ಇರುವ ಕೋರ್‌ಗಳಿಗೆ ತಕ್ಕಂತೆ ಕೆಲಸ ಹಂಚುತ್ತದೆ. ಪೈಥಾನ್‌ನ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿ ರನ್‌ಟೆಸ್ಟ್ಸ್ ಎಂಬ ಸ್ಕ್ರಿಪ್ಟ್ ಇದೆ, ಎಸ್‌ಕ್ಯೂಲೈಟ್ ಸೆಟ್ಟಿಂಗ್ಸ್ ಕಡತವೂ ಜೊತೆಗೇ ಬರುವುದರಿಂದ ಬೇರೆ ಡೇಟಾಬೇಸ್ ಹಾಕದೆ ಶುರು ಮಾಡಬಹುದು. ಬೇರೆಡೆ ಪೈಟೆಸ್ಟ್ (ಪೈಥಾನ್ ಕೋಡ್‌ನ ಟೆಸ್ಟ್ ಓಡಿಸುವ ಸಾಧನ), ಎನ್‌ಪಿಎಂ ಟೆಸ್ಟ್, ಕಾರ್ಗೋ ಟೆಸ್ಟ್, ಮೇಕ್ ಚೆಕ್ ಹೀಗೆ. ದಾಖಲೆ ಹಳೆಯದಾಗಿದೆ ಅನ್ನಿಸಿದರೆ ಸಿಐನ, ಅಂದರೆ ಬದಲಾವಣೆ ಬಂದಾಗ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯ, ಸಂರಚನೆಯ ಕಡತ ತೆರೆದು ನೋಡಿ. ಗಿಟ್‌ಹಬ್ ಬಳಸುವ ಯೋಜನೆಗಳಲ್ಲಿ ಅದು ವರ್ಕ್‌ಫ್ಲೋಸ್ ಎಂಬ ಫೋಲ್ಡರಿನಲ್ಲಿರುತ್ತದೆ. ದಾಖಲೆ ಸುಳ್ಳು ಹೇಳಬಹುದು, ಆ ಕಡತ ಹೇಳುವುದಿಲ್ಲ: ಯಾವ ಪ್ಯಾಕೇಜ್ ಹಾಕಬೇಕು, ಯಾವ ಪರಿಸರ ಚರಗಳನ್ನು ಇಡಬೇಕು, ಯಾವ ಆಜ್ಞೆ ಕೊಡಬೇಕು, ಎಲ್ಲ ಅದರಲ್ಲಿ ಸಾಲಾಗಿದೆ, ಮತ್ತು ಅದು ದಿನವೂ ಓಡುತ್ತಿದೆ.

ಫಲಿತಾಂಶವನ್ನು ಓದುವುದೂ ಒಂದು ಕಲೆ. ಪೈಟೆಸ್ಟ್‌ನಲ್ಲಿ ಎಫ್ ಎಂದರೆ ಟೆಸ್ಟ್ ಓಡಿ, ನಿರೀಕ್ಷಿಸಿದ ಉತ್ತರ ಬರಲಿಲ್ಲ. ಇ ಎಂದರೆ ಟೆಸ್ಟ್‌ನ ಸಿದ್ಧತೆಯೇ ಕೈಕೊಟ್ಟಿದೆ: ಡೇಟಾಬೇಸ್ ಸಿಕ್ಕಿಲ್ಲ, ಇಂಪೋರ್ಟ್ ಆಗಿಲ್ಲ. ಮೊದಲನೆಯದು ಕೋಡ್‌ನ ಕಡೆ ಬೆರಳು ತೋರಿಸಿದರೆ ಎರಡನೆಯದು ಹೆಚ್ಚಾಗಿ ನಿಮ್ಮ ಪರಿಸರದ ಕಡೆ. ಸಣ್ಣ ಎಕ್ಸ್ ಬಂದರೆ ಅದು ಬೀಳುತ್ತದೆಂದು ಯೋಜನೆಯವರಿಗೆ ಗೊತ್ತಿದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲಕ್ಕಿಂತ ಮೋಸದ್ದು ಸ್ಕಿಪ್. ಹೈಫನ್ ಆರ್‌ಎಸ್ ಕೊಟ್ಟರೆ ಪ್ರತಿ ಸ್ಕಿಪ್‌ಗೂ ಕಾರಣ ತೋರಿಸುತ್ತದೆ. ನೀವು ತಿದ್ದಲು ಹೊರಟ ಭಾಗದ ಟೆಸ್ಟ್‌ಗಳೇ ಸ್ಕಿಪ್ ಆಗಿದ್ದರೆ, ಪರದೆಯ ಮೇಲಿನ ಹಸಿರು ಬಣ್ಣಕ್ಕೆ ಅರ್ಥವಿಲ್ಲ. ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ 5 ಎಂಬ ನಿರ್ಗಮನ ಸಂಖ್ಯೆ ಕೊಡುತ್ತದೆ. ಹೆಚ್ಚಾಗಿ ಹೆಸರು ತಪ್ಪಾಗಿ ಬರೆದಿದ್ದೀರಿ ಎಂದರ್ಥ.

ಶುದ್ಧ ಕೋಡ್‌ನಲ್ಲೂ ಟೆಸ್ಟ್ ಬೀಳಲು ಕಾರಣಗಳು ಬಹುಮಟ್ಟಿಗೆ ಹಳೆಯವೇ. ಡಾಕರ್ ಎಂಬ ಪ್ರತ್ಯೇಕ ಪರಿಸರದ ಒಳಗೆ ರೂಟ್, ಅಂದರೆ ಎಲ್ಲ ಅಧಿಕಾರವಿರುವ, ಬಳಕೆದಾರರಾಗಿ ಓಡಿಸಿದರೆ, 'ಅನುಮತಿಯಿಲ್ಲದ ಕಡತ ತೆರೆದರೆ ದೋಷ ಬರಬೇಕು' ಎನ್ನುವ ಟೆಸ್ಟ್ ಬೀಳುತ್ತದೆ, ಏಕೆಂದರೆ ರೂಟ್‌ಗೆ ಎಲ್ಲವೂ ತೆರೆಯುತ್ತದೆ. ಕಾಲವಲಯ ಯುಟಿಸಿ ಎಂದುಕೊಂಡು ಬರೆದ ಟೆಸ್ಟ್ ಬೇರೆ ವಲಯದಲ್ಲಿ ಒಂದು ದಿನ ಹಿಂದೆ ಮುಂದೆ ಹೋಗುತ್ತದೆ. ವಿಂಡೋಸ್‌ನಲ್ಲಿ ಗಿಟ್ ಸಾಲಿನ ಅಂತ್ಯಗಳನ್ನು ಬದಲಿಸಿ, ಬೈಟ್ ಎಣಿಸುವ ಟೆಸ್ಟ್‌ಗಳನ್ನು ಕೆಡಿಸುತ್ತದೆ. ತುರ್ಕಿ ಭಾಷೆಯ ಲೊಕೇಲ್‌ನಲ್ಲಿ (ಭಾಷಾ ಸೆಟ್ಟಿಂಗ್‌ನಲ್ಲಿ) ದೊಡ್ಡ ಐ ಅಕ್ಷರದ ಸಣ್ಣ ರೂಪಕ್ಕೆ ಚುಕ್ಕೆ ಇರುವುದಿಲ್ಲ. ಅಕ್ಷರ ಕಿರಿದುಮಾಡಿ ಹೋಲಿಸುವ ಎಷ್ಟೋ ಪ್ರೋಗ್ರಾಮ್‌ಗಳು ಅಲ್ಲಿ ಮುಗ್ಗರಿಸಿವೆ. ಪೈಥಾನ್ 3.3ರಿಂದ ಪಠ್ಯಗಳ ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಪ್ರತಿ ಬಾರಿಯೂ ಬದಲಾಗುವುದರಿಂದ, ಸೆಟ್‌ನೊಳಗಿನ ಪಠ್ಯಗಳು ಒಂದೇ ಕ್ರಮದಲ್ಲಿ ಬರುತ್ತವೆ ಎಂದು ನಂಬಿದ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್.

ಬಗ್ ಅನ್ನು ಟೆಸ್ಟ್‌ನಲ್ಲಿ ಹಿಡಿಯುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಡತದ ಗಾತ್ರವನ್ನು ಓದಲು ಸುಲಭವಾಗುವಂತೆ ತೋರಿಸುವ ಫಂಕ್ಷನ್ ಇದೆ. 1024 ಬೈಟ್‌ಗೆ ಒಂದು ಕೆಬಿ, 1024 ಕೆಬಿಗೆ ಒಂದು ಎಂಬಿ, ದಶಾಂಶದ ನಂತರ ಒಂದು ಅಂಕಿ. ಯಾರೋ ಇಶ್ಯೂ ತೆರೆದಿದ್ದಾರೆ: 1048575 ಬೈಟ್‌ನ ಕಡತಕ್ಕೆ '1024.0 ಕೆಬಿ' ಎಂದು ತೋರಿಸುತ್ತಿದೆ, '1.0 ಎಂಬಿ' ಎನ್ನಬೇಕಿತ್ತು.

ಕಾರಣ ಸುಲಭ. ಕೋಡ್ ಮೊದಲು ಏಕಮಾನ ಆರಿಸುತ್ತದೆ, ಆಮೇಲೆ ದುಂಡಾಗಿಸುತ್ತದೆ. 1048575ನ್ನು 1024ರಿಂದ ಭಾಗಿಸಿದರೆ 1023.999, ಅದು 1024ಕ್ಕಿಂತ ಕಡಿಮೆ, ಹಾಗಾಗಿ ಕೆಬಿ. ದುಂಡಾಗಿಸಿದಾಗ 1024.0. ಈಗ ಟೆಸ್ಟ್ ಬರೆಯಬೇಕು, ಆದರೆ ಯಾವ ಸಂಖ್ಯೆಗೆ? ಇಶ್ಯೂನಲ್ಲಿ ಕೊಟ್ಟದ್ದೊಂದನ್ನೇ ಹಾಕಿದರೆ, ಆ ಒಂದು ಸಂಖ್ಯೆಗೆ ಮಾತ್ರ ತೇಪೆ ಹಚ್ಚಿದ ಕೋಡ್ ಕೂಡ ಪಾಸ್ ಆಗುತ್ತದೆ. ತಪ್ಪು ಶುರುವಾಗುವ ಜಾಗ ಹುಡುಕಿ: 1023.95ನ್ನು 1024ರಿಂದ ಗುಣಿಸಿದರೆ 1048524.8. ಅಂದರೆ 1048524 ಬೈಟ್‌ಗೆ '1023.9 ಕೆಬಿ' ಸರಿಯಾಗಿಯೇ ಬರುತ್ತದೆ, 1048525ರಿಂದ ಹಾಳಾಗುತ್ತದೆ. ಈ ಎರಡೂ ಟೆಸ್ಟ್‌ನಲ್ಲಿರಲಿ. ಎಂಬಿಯಿಂದ ಜಿಬಿಗೆ ದಾಟುವ ಗಡಿಯಲ್ಲೂ ಇದೇ ದೋಷವಿರುತ್ತದೆ, ಅಲ್ಲೊಂದು ಟೆಸ್ಟ್ ಇರಲಿ. ಸೊನ್ನೆ ಬೈಟ್‌ಗೆ ಹಳೆಯ ಟೆಸ್ಟ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ.

ಬರೆದ ಟೆಸ್ಟ್ ಹಳೆಯ ಕೋಡ್‌ನಲ್ಲಿ ಬೀಳಲೇಬೇಕು. ಬೀಳುವುದನ್ನು ಕಣ್ಣಾರೆ ನೋಡದಿದ್ದರೆ ಆ ಟೆಸ್ಟ್ ಏನನ್ನೂ ಸಾಬೀತು ಮಾಡಿಲ್ಲ. ಹೆಸರು ತಪ್ಪಾಗಿ ಓಡದೇ ಇರಬಹುದು, ಅಸರ್ಟ್ ಸಾಲು ತಲುಪದೇ ಇರಬಹುದು. ತಿದ್ದುಪಡಿ ಮೊದಲೇ ಬರೆದುಬಿಟ್ಟಿದ್ದರೂ ದಾರಿಯಿದೆ. ಇನ್ನೂ ಕಮಿಟ್ ಮಾಡಿಲ್ಲವಾದರೆ, ಗಿಟ್ ಸ್ಟ್ಯಾಶ್ ಪುಶ್ ಆಜ್ಞೆಗೆ ಮೂಲ ಕಡತದ ಹೆಸರನ್ನು ಮಾತ್ರ ಕೊಟ್ಟು ಅದನ್ನು ಬದಿಗಿಡಿ, ಟೆಸ್ಟ್ ಕಡತ ಹಾಗೇ ಇರಲಿ. ಓಡಿಸಿ, ಕೆಂಪು ನೋಡಿ. ಸ್ಟ್ಯಾಶ್ ಪಾಪ್ ಮಾಡಿ, ಮತ್ತೆ ಓಡಿಸಿ, ಹಸಿರು ನೋಡಿ. ಇದನ್ನು ಮಾಡಿದ್ದೇನೆ ಎಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದು ಸಾಲು ಬರೆದರೆ ನಿರ್ವಾಹಕರ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಮೊದಲು ಸರಿಯಿದ್ದದ್ದು ಯಾವುದೋ ಕಮಿಟ್‌ನಿಂದ ಕೆಟ್ಟಿದ್ದರೆ ಇದೇ ಟೆಸ್ಟ್ ಇನ್ನೊಂದು ಕೆಲಸಕ್ಕೆ ಬರುತ್ತದೆ. ಕೆಡಿಸಿದ ಕಮಿಟ್ ಹುಡುಕುವ ಗಿಟ್ ಬೈಸೆಕ್ಟ್ ಆಜ್ಞೆ ಪ್ರತಿ ಬಾರಿ ಅರ್ಧಕ್ಕೆ ಅರ್ಧ ಕಮಿಟ್‌ಗಳನ್ನು ಕೈಬಿಡುತ್ತಾ ಹೋಗುತ್ತದೆ. ಸಾವಿರ ಕಮಿಟ್ ಇದ್ದರೂ ಸುಮಾರು 10 ಸಲ ಓಡಿಸಿದರೆ ಅಪರಾಧಿ ಸಿಗುತ್ತಾನೆ. ಬೈಸೆಕ್ಟ್ ರನ್‌ಗೆ ಸ್ಕ್ರಿಪ್ಟ್ ಕೊಟ್ಟರೆ ಇದೂ ತಾನಾಗಿ ನಡೆಯುತ್ತದೆ. ಸ್ಕ್ರಿಪ್ಟ್ 0 ಹಿಂದಿರುಗಿಸಿದರೆ ಕಮಿಟ್ ಒಳ್ಳೆಯದು, 1ರಿಂದ 127ರೊಳಗೆ ಆದರೆ ಕೆಟ್ಟದ್ದು, ಆದರೆ 125ಕ್ಕೆ ಮಾತ್ರ 'ಇದನ್ನು ಬಿಟ್ಟುಬಿಡು' ಎಂಬ ಅರ್ಥ. ಬಿಲ್ಡ್ ಆಗದ ಹಳೆಯ ಕಮಿಟ್‌ಗಳಿಗೆ 125 ಕೊಡಿಸದಿದ್ದರೆ, ಏನೂ ಅರಿಯದ ಕಮಿಟ್ ಒಂದರ ತಲೆಗೆ ಬೈಸೆಕ್ಟ್ ತಪ್ಪು ಕಟ್ಟುತ್ತದೆ.

ಕೆಲಸ ಮಾಡುವಾಗ ಪ್ರತಿ ಬಾರಿ ಇಡೀ ಸೂಟ್, ಅಂದರೆ ಎಲ್ಲ ಟೆಸ್ಟ್‌ಗಳನ್ನು, ಓಡಿಸಬೇಡಿ. ಪೈಟೆಸ್ಟ್‌ನಲ್ಲಿ ಹೈಫನ್ ಕೆ ಕೊಟ್ಟು ಹೆಸರಿನ ತುಣುಕಿನಿಂದ ಆರಿಸಿ, ಹೈಫನ್ ಎಕ್ಸ್ ಕೊಟ್ಟರೆ ಮೊದಲ ಬೀಳುವಿಕೆಗೇ ನಿಲ್ಲುತ್ತದೆ, ಲಾಸ್ಟ್ ಫೇಲ್ಡ್ ಆಯ್ಕೆ ಹಿಂದಿನ ಬಾರಿ ಬಿದ್ದವನ್ನಷ್ಟೇ ಓಡಿಸುತ್ತದೆ. ಕಳಿಸುವ ಮುನ್ನ ಮಾತ್ರ ಪೂರ್ತಿ ಓಡಿಸಿ, ಮೊದಲು ಉಳಿಸಿಟ್ಟ ಫಲಿತಾಂಶದೊಂದಿಗೆ ಹೋಲಿಸಿ.

ಒಂಟಿಯಾಗಿ ಪಾಸ್, ಗುಂಪಿನಲ್ಲಿ ಫೇಲ್

ಒಂದು ಟೆಸ್ಟ್ ಒಂಟಿಯಾಗಿ ಓಡಿಸಿದರೆ ಪಾಸ್ ಆಗಿ, ಎಲ್ಲದರ ಜೊತೆ ಓಡಿಸಿದಾಗ ಬಿದ್ದರೆ, ಅದಕ್ಕೂ ಮೊದಲು ಓಡಿದ ಯಾವುದೋ ಟೆಸ್ಟ್ ಕಸ ಬಿಟ್ಟು ಹೋಗಿದೆ: ಬದಲಾಯಿಸಿ ಮರಳಿ ಸರಿಮಾಡದ ಸೆಟ್ಟಿಂಗ್, ಅಳಿಸದ ಕಡತ, ಖಾಲಿಯಾಗದ ಕ್ಯಾಶ್. ಜ್ಯಾಂಗೋದ ರನ್‌ಟೆಸ್ಟ್ಸ್‌ನಲ್ಲಿ ಇದಕ್ಕೆಂದೇ ಬೈಸೆಕ್ಟ್ ಮತ್ತು ಪೇರ್ ಎಂಬ ಆಯ್ಕೆಗಳಿವೆ. ಮೊದಲನೆಯದು ಗುಂಪನ್ನು ಅರ್ಧ ಮಾಡುತ್ತಾ ಕಿತಾಪತಿ ಮಾಡುವ ಟೆಸ್ಟನ್ನು ಹುಡುಕುತ್ತದೆ, ಎರಡನೆಯದು ಬೀಳುವ ಟೆಸ್ಟನ್ನು ಒಂದೊಂದರ ಜೊತೆ ಜೋಡಿಯಾಗಿ ಓಡಿಸುತ್ತದೆ. ರಿವರ್ಸ್ ಎಂದರೆ ಕ್ರಮ ತಿರುಗುಮುರುಗು.

ಕೆಲವೊಮ್ಮೆ ಮಾತ್ರ ಬೀಳುವ ಟೆಸ್ಟ್‌ಗಳಿಗೆ ತಾಳ್ಮೆ ಬೇಕು, ಸ್ವಲ್ಪ ಲೆಕ್ಕವೂ ಬೇಕು. ಇಪ್ಪತ್ತರಲ್ಲಿ ಒಮ್ಮೆ ಬೀಳುವ ಟೆಸ್ಟನ್ನು ಸರಿಪಡಿಸಿ 20 ಸಲ ಓಡಿಸಿದಿರಿ, ಎಲ್ಲ ಪಾಸ್ ಎನ್ನಿ. ಏನನ್ನೂ ಸರಿಪಡಿಸದಿದ್ದರೂ ಹಾಗಾಗುವ ಸಾಧ್ಯತೆ ಶೇ. 36ರಷ್ಟಿದೆ. 60 ಸಲ ಓಡಿಸಿದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಕಾಯುವ ಸಮಯವನ್ನು ಒಂದು ಸೆಕೆಂಡಿನಿಂದ ಐದಕ್ಕೆ ಏರಿಸುವುದು ಪರಿಹಾರವಲ್ಲ. ನಿಧಾನದ ಯಂತ್ರದಲ್ಲಿ ಅದು ಮತ್ತೆ ಬೀಳುತ್ತದೆ, ವೇಗದ ಯಂತ್ರದಲ್ಲಿ ಎಲ್ಲರ ಸಮಯ ತಿನ್ನುತ್ತದೆ. ಯಾವ ಘಟನೆಗಾಗಿ ಕಾಯುತ್ತಿದ್ದೇವೋ ಅದನ್ನೇ ಪರೀಕ್ಷಿಸುತ್ತಾ ಕಾಯಬೇಕು.

ಕಳಿಸುವುದು, ಕಾಯುವುದು

ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ವಿಷಯ. ಕಡತ ಉಳಿಸಿದ ಕೂಡಲೇ ಇಡೀ ಕೋಡನ್ನು ಅಂದಗೊಳಿಸುವ ಎಡಿಟರ್ ಇದ್ದರೆ ಆ ಸೌಲಭ್ಯವನ್ನು ನಿಲ್ಲಿಸಿ. ಇಲ್ಲದಿದ್ದರೆ ಮೂರು ಸಾಲಿನ ತಿದ್ದುಪಡಿ ನಾನೂರು ಸಾಲಿನ ಡಿಫ್ (ಬದಲಾದ ಸಾಲುಗಳ ಪಟ್ಟಿ) ಆಗಿ ಹೋಗುತ್ತದೆ, ಯಾರೂ ಓದುವುದಿಲ್ಲ. ಕಮಿಟ್ ಸಂದೇಶದ ಮೊದಲ ಸಾಲು 50 ಅಕ್ಷರದ ಆಸುಪಾಸಿನಲ್ಲಿ, ಒಂದು ಖಾಲಿ ಸಾಲು, ಆಮೇಲೆ ವಿವರ 72 ಅಕ್ಷರಕ್ಕೊಂದು ಸಾಲಿನಂತೆ. ಏನು ಬದಲಾಯಿತು ಎಂಬುದು ಡಿಫ್‌ನಲ್ಲೇ ಕಾಣುತ್ತದೆ. ಸಂದೇಶದಲ್ಲಿ ಬರೆಯಬೇಕಾದದ್ದು ಏಕೆ ಎಂಬುದನ್ನು.

ಕಳಿಸಿದ ಮೇಲೆ ಸಿಐ ಓಡದೆ ಸುಮ್ಮನೆ ಕೂತಿದ್ದರೆ ನಿಮ್ಮ ತಪ್ಪಲ್ಲ. ಸಿಐ ಯಂತ್ರಗಳಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವವರ ಕಾಟದಿಂದ, 2021ರಿಂದ ಗಿಟ್‌ಹಬ್‌ನಲ್ಲಿ ಮೊದಲ ಬಾರಿ ಕಳಿಸುವವರ ಕೆಲಸ ಓಡಲು ನಿರ್ವಾಹಕರ ಒಪ್ಪಿಗೆ ಬೇಕು. ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟ್‌ಗೆ ಯೋಜನೆಯ ಗುಪ್ತ ಕೀಲಿಗಳೂ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಅವನ್ನು ಬೇಡುವ ಹಂತಗಳು ಕೆಂಪಾಗಬಹುದು. ಉಳಿದ ಕೆಂಪುಗಳನ್ನು ನೋಡುವಾಗ ಲಾಗ್‌ನ ಕೊನೆಯ ದೋಷವನ್ನಲ್ಲ, ಮೊದಲನೆಯದನ್ನು ಹುಡುಕಿ. ಅದರ ನಂತರದವು ಹೆಚ್ಚಾಗಿ ಅದರ ಮಕ್ಕಳು. ಬೇರೆ ಬೇರೆ ಆವೃತ್ತಿ, ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಓಡಿದ ಹದಿನೆಂಟು ಸಿಐ ಕೆಲಸಗಳಲ್ಲಿ ಒಂದೇ ಒಂದು ಬಿದ್ದಿದ್ದರೆ ಆ ಆವೃತ್ತಿ, ಆ ಆಪರೇಟಿಂಗ್ ಸಿಸ್ಟಮ್ ಯಾವುದೆಂದು ನೋಡಿ ಅಲ್ಲಿಂದ ಶುರುಮಾಡಿ.

ಟೆಸ್ಟ್‌ಗೆಂದು ಬೈನರಿ, ಅಂದರೆ ಪಠ್ಯವಾಗಿ ಓದಲಾಗದ, ಕಡತ ಸೇರಿಸಿದ್ದರೆ ಪ್ರಶ್ನೆಗಳು ಬರುತ್ತವೆ, ಬರಬೇಕು ಕೂಡ. 2024ರ ಮಾರ್ಚ್‌ನಲ್ಲಿ ಬಯಲಾದ, ಕಡತ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಾಧನದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಅಡಗಿದ್ದದ್ದು ಟೆಸ್ಟ್‌ಗೆಂದು ಸೇರಿಸಿದ್ದ ಸಂಕುಚಿತ ಕಡತಗಳಲ್ಲೇ. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದು ಹೊರಗೂ ಬಂದಿತ್ತು. ದೂರದ ಕಂಪ್ಯೂಟರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಸಿಕ್ಕಿಬಿತ್ತು. ಆದ್ದರಿಂದ ಬೈನರಿ ಬದಲು ಅದನ್ನು ಹುಟ್ಟಿಸುವ ಸಣ್ಣ ಸ್ಕ್ರಿಪ್ಟ್ ಕೊಡಿ.

ರಿವ್ಯೂನಲ್ಲಿ ಬದಲಾವಣೆ ಕೇಳಿದರೆ ಅದೇ ಬ್ರಾಂಚಿಗೆ ಹೊಸ ಕಮಿಟ್ ಸೇರಿಸಿ, ಹೊಸ ಪುಲ್ ರಿಕ್ವೆಸ್ಟ್ ತೆರೆಯಬೇಡಿ. ರಿಬೇಸ್ ಮಾಡಿ, ಅಂದರೆ ನಿಮ್ಮ ಕಮಿಟ್‌ಗಳನ್ನು ಮೂಲದ ಹೊಸ ಕೋಡ್‌ನ ಮೇಲೆ ಕೂರಿಸಿ, ಮತ್ತೆ ಪುಶ್ ಮಾಡುವಾಗ ಬರೀ ಫೋರ್ಸ್ ಬದಲು ಫೋರ್ಸ್ ವಿತ್ ಲೀಸ್ ಬಳಸಿ; ನಿರ್ವಾಹಕರು ನಡುವೆ ನಿಮ್ಮ ಬ್ರಾಂಚಿಗೆ ಏನಾದರೂ ಸೇರಿಸಿದ್ದರೆ ಅದು ಅಳಿಸಿಹೋಗುವುದು ತಪ್ಪುತ್ತದೆ. ರಿಬೇಸ್ ಆದ ಮೇಲೆ ಮತ್ತೊಮ್ಮೆ ಟೆಸ್ಟ್ ಓಡಿಸಿ. ಗಿಟ್ ಸಂಘರ್ಷ ತೋರಿಸದಿದ್ದರೂ, ನೀವು ಕರೆಯುವ ಫಂಕ್ಷನ್‌ನ ಹೆಸರನ್ನು ಇನ್ನೊಬ್ಬರು ಬೇರೆ ಕಡತದಲ್ಲಿ ಬದಲಾಯಿಸಿರಬಹುದು. ಎರಡು ವಾರ ಉತ್ತರವಿಲ್ಲದಿದ್ದರೆ ಒಂದು ಸಾಲಿನ ವಿನಯದ ನೆನಪೋಲೆ ಸಾಕು, ದಿನವೂ ಬೇಡ.

ಮರ್ಜ್ ಆದ ದಿನವೇ ಬಳಕೆದಾರರಿಗೆ ಅದು ತಲುಪುವುದಿಲ್ಲ. ಪೈಥಾನ್‌ನ ಹೊಸ ಆವೃತ್ತಿ ವರ್ಷಕ್ಕೊಮ್ಮೆ, ಅಕ್ಟೋಬರ್‌ನಲ್ಲಿ ಬರುತ್ತದೆ. ಹೊಸ ಸೌಲಭ್ಯಗಳು ಅಲ್ಲಿಯವರೆಗೆ ಕಾಯಬೇಕು. ದೋಷ ಪರಿಹಾರಗಳನ್ನು ಮಾತ್ರ ಚಾಲ್ತಿಯಲ್ಲಿರುವ ಹಳೆಯ ಆವೃತ್ತಿಗಳಿಗೂ ಒಯ್ಯುತ್ತಾರೆ. ಹಳೆಯ ಬ್ರಾಂಚಿನಲ್ಲಿ ಕೋಡ್ ಬೇರೆ ತರಹ ಇದ್ದು ಅದು ತಾನಾಗಿ ಹೊಂದದಿದ್ದರೆ, ನೀವೇ ಮಾಡಿಕೊಡುತ್ತೀರಾ ಎಂದು ಕೇಳಬಹುದು. ಆಗ ಆ ಹಳೆಯ ಬ್ರಾಂಚಿಗೆ ಹೋಗಿ, ಹೊಸದಾಗಿ ಬಿಲ್ಡ್ ಮಾಡಿ, ಏನನ್ನೂ ಮುಟ್ಟದೆ ಮತ್ತೊಮ್ಮೆ ಎಲ್ಲ ಟೆಸ್ಟ್‌ಗಳನ್ನು ಓಡಿಸುವುದರಿಂದಲೇ ಶುರು.